ದರ್ಜಿ ಅಂಗಡಿಯ ವೈಫೈ

ಸೊಸೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

"ಇನ್ನೊಂದು ಮೆಟ್ಟಿಲು ಹತ್ತು ಅಂದ್ರೆ ಅಲ್ಲೇ ಹಾಸ್ಕೊಂಡು ಮಲಗಿಬಿಡ್ತೀನಿ ಅತ್ತೆ."

ಅವಳ ಕೆಲಸವೇ ಮೆಟ್ಟಿಲು ಹತ್ತುವುದು. ಹಳೆಯ ಕಟ್ಟಡಗಳಲ್ಲಿ ವಯಸ್ಸಾದವರು ಜಾರಿ ಬೀಳುವುದು ಹೆಚ್ಚಾಗಿದೆ ಎಂದು ಒಂದು ಕಚೇರಿಯವರು ಸಮೀಕ್ಷೆ ಮಾಡಿಸುತ್ತಿದ್ದರು. ಹಿಡಿದುಕೊಳ್ಳಲು ಕಂಬಿ ಇದೆಯೇ, ದೀಪ ಉರಿಯುತ್ತದೆಯೇ, ಯಾವ ಮೆಟ್ಟಿಲು ಒಡೆದಿದೆ ಎಂದು ನೋಡಿ, ಫೋಟೊ ತೆಗೆದು, ಎಲ್ಲವನ್ನೂ ಫೋನಿನಲ್ಲಿ ತುಂಬಬೇಕು. ತಿಂಗಳುಗಟ್ಟಲೆ ಹತ್ತಿದ್ದೇ ಹತ್ತಿದ್ದು. ಅವಳ ಪಾಲಿನ ಬೀದಿಗಳು ಅವತ್ತಿಗೆ ಮುಗಿದಿದ್ದವು. ಫೋನಿನಲ್ಲಿರುವುದನ್ನು ಕಚೇರಿಯ ಲ್ಯಾಪ್‌ಟಾಪಿಗೆ ಸಾಗಿಸುವುದೊಂದು ಬಾಕಿ. ಲ್ಯಾಪ್‌ಟಾಪು ಕೈಗೆ ಬಂದಿದ್ದೂ ಅವತ್ತೇ. ಬೆಳಿಗ್ಗೆ ಮೇಲ್ವಿಚಾರಕರು ಬಂದು ಒಯ್ಯುತ್ತಾರೆ.

ಆದರೆ ಫೋನು ಹಿಂದಿನ ವಾರ ಯಾರದೋ ಮನೆಯ ಮೆಟ್ಟಿಲ ಮೇಲಿಂದ ಉರುಳಿತ್ತು. ಆಗಿನಿಂದ ಅದಕ್ಕೆ ತೋಚಿದಾಗ ಆರಿಹೋಗುತ್ತಿತ್ತು. ತಂತಿಯ ಕೆಳಗೆ ಮಡಿಸಿದ ಕಾಗದ ಇಟ್ಟರೆ ಹೇಗೋ ಚಾರ್ಜ್ ಆಗುತ್ತಿತ್ತು, ಆದರೆ ಆ ತಂತಿಯಲ್ಲಿ ಬೇರೇನೂ ದಾಟುತ್ತಿರಲಿಲ್ಲ.

"ಇದರ ಆಯಸ್ಸು ಇವತ್ತೋ ನಾಳೆಯೋ. ಇದು ಹೋದ್ರೆ ಅಷ್ಟೂ ಮನೆ ಮತ್ತೆ ಹತ್ತಬೇಕು," ಎಂದಳು. ಅವಳ ಹಿಮ್ಮಡಿ ಬಾತಿದ್ದು ನನಗೆ ಕಾಣುತ್ತಿತ್ತು. ಬಿಸಿನೀರಿನ ಬಕೆಟ್ಟು ತಂದು ಕಾಲ ಬಳಿ ಇಟ್ಟೆ.

ಫೋನೂ ಲ್ಯಾಪ್‌ಟಾಪೂ ಒಂದೇ ವೈಫೈಯಲ್ಲಿದ್ದರೆ ತಂತಿ ಬೇಡವಂತೆ. ನಮ್ಮ ಮನೆಯ ವೈಫೈ ಎಂದರೆ ಕೆಳಗಿನ ದರ್ಜಿಯವರದು. ನಾವು ಇಲ್ಲಿಗೆ ಬಂದ ಹೊಸದರಲ್ಲಿ ಅವರೇ ಒಂದು ಬಟ್ಟೆಯ ಚೂರಿನ ಮೇಲೆ ಸೀಮೆಸುಣ್ಣದಿಂದ ಪಾಸ್‌ವರ್ಡ್ ಬರೆದು ಕೊಟ್ಟಿದ್ದರು.

ಸೊಸೆ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ ಎರಡನ್ನೂ ಜೋಡಿಸಿದಳು. ಲ್ಯಾಪ್‌ಟಾಪಿನಲ್ಲಿ ಹಸಿರು ಗೆರೆಯೊಂದು ಬಸವನಹುಳುವಿನಂತೆ ಹೊರಟಿತು. ಕಾಲು ಭಾಗ ಹೋಗಿರಬೇಕು, ಫೋನಿನ ಪರದೆ ಕಪ್ಪಾಯಿತು, ಗೆರೆ ಮಾಯ.

"ಪರದೆ ಆರಿದ್ರೆ ಕಳಿಸೋದನ್ನೂ ನಿಲ್ಲಿಸಿಬಿಡುತ್ತೆ ಈ ಪುಣ್ಯಾತ್ಮ. ಮತ್ತೆ ಮೊದಲಿಂದ."

ಈ ಸಲ ಅವಳು ಪರದೆಯನ್ನು ಆಗಾಗ ಬೆರಳಿನಿಂದ ಮುಟ್ಟುತ್ತ ಕುಳಿತಳು. ಗೆರೆ ಮುಕ್ಕಾಲು ದಾಟಿತು. ನಾನು ಉಸಿರು ಬಿಡುವಷ್ಟರಲ್ಲಿ ಕೆಳಗೆ ಷಟರು ಎಳೆದ ಸದ್ದು ಕೇಳಿತು. ವೈಫೈ ಹೋಯಿತು.

ದರ್ಜಿಯವರ ಪದ್ಧತಿ ಅದು. ಹಿಂದೊಮ್ಮೆ ಇಸ್ತ್ರಿಪೆಟ್ಟಿಗೆ ಆರಿಸಲು ಮರೆತು ಯಾರದೋ ಹೊಸ ಕೋಟು ಸುಟ್ಟಿತ್ತು. ಅಂದಿನಿಂದ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚನ್ನೇ ಇಳಿಸುತ್ತಾರೆ. ವೈಫೈ ಪೆಟ್ಟಿಗೆಯೂ ನಮ್ಮ ಮೆಟ್ಟಿಲ ದೀಪವೂ ಅದೇ ಮೇನಿನ ಮೇಲಿವೆ. ನಮ್ಮಿಬ್ಬರಿಗೂ ಗೊತ್ತಿದ್ದ ವಿಷಯ, ಇಬ್ಬರಿಗೂ ನೆನಪಾಗಲಿಲ್ಲ.

ಸೊಸೆ ಒದ್ದೆ ಕಾಲಿನಲ್ಲೇ ಬಾಲ್ಕನಿಗೆ ಹೋದಳು. "ಅಣ್ಣಾ, ಸ್ವಲ್ಪ ನಿಲ್ಲಿ."

ಅವರಾಗಲೇ ಬೀದಿಯ ತಿರುವಿನಲ್ಲಿದ್ದರು. ಹಿಂದಕ್ಕೆ ಬಂದು ಕತ್ತೆತ್ತಿದರು. ಅವಳು ವಿಷಯ ಹೇಳಿದಳು.

"ಮೇನ್ ಹಾಕಿಟ್ಟು ಹೋದ್ರೆ ನಂಗೆ ನಿದ್ದೆ ಬರಲ್ಲ ತಂಗಿ."

"ಹಾಗಾದ್ರೆ ಬೇಡ ಬಿಡಿ ಅಣ್ಣ. ಏನಾಗುತ್ತೋ ಆಗ್ಲಿ." ಅವಳ ದನಿ ಸೋತಿತ್ತು.

"ಹೋದ್ರೆ ಅಂದೆ. ಹೋಗ್ತೀನಿ ಅಂದ್ನಾ? ಒಬ್ಬರ ತೋಳು ಹೊಲಿಯೋದು ಬಾಕಿ ಇದೆ. ನಿನ್ನ ಹೆಸರಲ್ಲಿ ಅವರಿಗೂ ಅಂಗಿ ಸಿಗಲಿ."

ಷಟರು ಮತ್ತೆ ಮೇಲೆ ಹೋಯಿತು. ಹೊಲಿಗೆ ಯಂತ್ರ ಎರಡು ಸಲ ಓಡಿ ನಿಂತಿತು. ಆಮೇಲೆ ಸದ್ದಿಲ್ಲ. ತೋಳು ಹೊಲಿಯುವುದೇನೂ ಇರಲಿಲ್ಲವೆಂದು ನನಗನಿಸಿತು.

ಮೂರನೆಯ ಸಲ ಗೆರೆ ಹೊರಟಿತು. ಅರ್ಧ ದಾಟುವಾಗ ಸೊಸೆಯ ತಲೆ ಮೇಜಿಗೆ ಒರಗಿತು. ಬೆರಳು ಫೋನಿನ ಪಕ್ಕಕ್ಕೆ ಜಾರಿತು. ಪರದೆ ಮಂಕಾಗತೊಡಗಿತು. ನಾನು ಕೈ ಚಾಚಿ ಮುಟ್ಟಿದೆ, ಮತ್ತೆ ಬೆಳಕಾಯಿತು.

ಮಂಕಾದಾಗಲೆಲ್ಲ ಮುಟ್ಟುತ್ತ ಕುಳಿತೆ. ತೊಟ್ಟಿಲು ತೂಗಿದ ಹಾಗೆಯೇ. ತೂಗಿದ್ದು ಫೋನನ್ನು, ಮಲಗಿದ್ದು ಅವಳು. ಸ್ವಲ್ಪ ಜೋರಾಗಿ ಒತ್ತಿದರೆ ಎಲ್ಲಿ ಏನು ತೆರೆದುಕೊಳ್ಳುತ್ತದೋ ಎಂಬ ಭಯ. ತೋಳು ಸೋತಾಗ ಕೈ ಬದಲಾಯಿಸಿದೆ. ಗೆರೆ ತುದಿ ಮುಟ್ಟಿ "ಪೂರ್ಣಗೊಂಡಿದೆ" ಎಂದು ಬಂತು. ನಂಬಿಕೆಯಾಗದೆ ಇನ್ನೂ ಎರಡು ಸಲ ಮುಟ್ಟಿದೆ. ಆಮೇಲೆ ಬೆರಳು ತೆಗೆದೆ. ಫೋನು ಮಂಕಾಗಿ, ಆರಿತು. ಆರಲಿ.

ದರ್ಜಿಯವರಿಗೆ ತಿಳಿಸಬೇಕಲ್ಲ. ಬಾಲ್ಕನಿಯಿಂದ ಕೂಗಿದರೆ ಇವಳಿಗೆ ಎಚ್ಚರವಾಗುತ್ತದೆ. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ಊರಿನ ಮೆಟ್ಟಿಲುಗಳನ್ನೆಲ್ಲ ಬರೆದುಕೊಂಡವಳ ಮನೆಯ ಮೆಟ್ಟಿಲಿಗೇ ಕಂಬಿಯಿಲ್ಲ. ನಮ್ಮ ಬೀದಿ ಬೇರೆಯವರ ಪಾಲಿಗೆ ಹೋಗಿತ್ತು.

ದರ್ಜಿಯವರು ಯಂತ್ರದ ಮುಂದೆ ಕೈಕಟ್ಟಿ ಕುಳಿತು ತೂಕಡಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. "ನೀವ್ಯಾಕೆ ಇಳಿದ್ರಿ ಅಮ್ಮ? ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲ."

"ಮಾತಾಡಿದ್ರೆ ಎದ್ದುಬಿಡ್ತಾಳೆ. ಎಲ್ಲಾ ದಾಟಿತು. ತೋಳು ಮುಗೀತಾ?"

ಅವರು ನಕ್ಕರು. "ಮುಗೀತು ಅಂತಿಟ್ಕೊಳ್ಳಿ. ಹತ್ತಿ ಮೇಲೆ. ನೀವು ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆ ಮೇನ್ ಇಳಿಸ್ತೀನಿ."

ಹತ್ತುವುದು ಇಳಿಯುವುದಕ್ಕಿಂತ ನಿಧಾನವಾಯಿತು. ಒಳಗೆ ಬಂದು, ಅವಳು ಏಳದಿರಲಿ ಎಂದು ಬಾಗಿಲನ್ನು ಸದ್ದಾಗದಂತೆ ಮುಚ್ಚಿದೆ. ಚಿಲಕ ಹಾಕಿದ ಮೇಲೆ ನೆನಪಾಯಿತು. ಬಾಗಿಲ ಸಂದಿಯಲ್ಲಿ ಮೆಟ್ಟಿಲ ದೀಪ ಉರಿಯುತ್ತಲೇ ಇತ್ತು.

ಬಾಲ್ಕನಿಗೆ ಹೋಗಿ ಬಗ್ಗಿದೆ. ದರ್ಜಿಯವರು ಬೀದಿಯಲ್ಲಿ ನಿಂತು ಮೇಲಕ್ಕೇ ನೋಡುತ್ತಿದ್ದರು. ಕೈ ಬೀಸಿದೆ. ಅವರು ತಲೆಯಾಡಿಸಿ ಒಳಗೆ ಹೋದರು. ದೀಪ ಆರಿತು.