ಪೀಟ್ ಮಣ್ಣಿಗೆ ಐದು ಊದಿನಕಡ್ಡಿ

ಹೊಲದಲ್ಲಿ ಹೊಗೆ ಏಳುತ್ತಿದೆ ಎಂದು ಫೋನ್ ಬಂದಾಗ ನೇತ್ರಾ ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಇಳಿದಿದ್ದಳಷ್ಟೇ. ಸಿಡ್ನಿಯ ವೆಸ್ಟ್‌ಮೀಡ್‌ನಿಂದ ಪ್ರತಿ ಸೋಮವಾರ ಹಾರಿಬರುವುದು ಅವಳ ರೂಢಿ. ಡ್ಯಾಂಡಿನಾಂಗ್ ದಾಟಿ, ಹಳೆಯ ಜೌಗು ನೆಲದಲ್ಲಿರುವ ತನ್ನ ಪ್ರಯೋಗದ ಹೊಲ ಮುಟ್ಟುವಷ್ಟರಲ್ಲಿ ಅಗ್ನಿಶಾಮಕ ದಳದವರು ಅಗೆಯತೊಡಗಿದ್ದರು.

ಅಲ್ಲಿಯದು ಪೀಟ್ ಮಣ್ಣು. ಸಾವಿರಾರು ವರ್ಷ ನೀರಿನಡಿ ಕೊಳೆತ ಜೊಂಡೇ ಕಪ್ಪು ಮಣ್ಣಾಗಿ ಕೂತದ್ದು. ಒಣಗಿದರೆ ಬೆರಣಿಯ ಹಾಗೆ ಒಳಗೊಳಗೇ ಉರಿಯುತ್ತದೆ. ಮೇಲೆ ಸೋಲಾರ್ ಪ್ಯಾನೆಲ್ ಹಾಕಿದರೆ ನೆರಳಿಗೆ ತೇವ ಉಳಿಯುತ್ತದೆ, ಕರೆಂಟೂ ಸಿಗುತ್ತದೆ, ಕೆಳಗೆ ಪಾಲಕ್ ಸೊಪ್ಪೂ ಬೆಳೆಯುತ್ತದೆ ಎಂಬುದು ನೇತ್ರಾಳ ಮೂರು ವರ್ಷದ ವಾದ. ಇಲ್ಲಿ ಸಿಗರೇಟು ಸೇದಬಾರದೆಂದು ಬೋರ್ಡು ಹಾಕಿಸಿದವಳೂ ಅವಳೇ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಹೋದ ಸೋಮವಾರ ಪ್ಯಾನೆಲ್‌ಗಳ ಹೊಸ ಸಾಲಿಗೆ ಕರೆಂಟ್ ಬಿಡುವ ಮೊದಲು ಧಾರವಾಡದ ಅವ್ವ ವಿಡಿಯೋ ಕಾಲ್‌ನಲ್ಲಿ, "ಭೂಮಿತಾಯಿಗೆ ಒಂದ್ ಪೂಜಿನೂ ಇಲ್ಲದs ಹೆಂಗವಾ?" ಎಂದಿದ್ದಳು. ಕುಂಕುಮ, ಕಾಯಿ, ಐದು ಊದಿನಕಡ್ಡಿ. ಗಾಳಿಗೆ ಆರುತ್ತವೆಂದು ನೇತ್ರಾ ಕಡ್ಡಿಗಳನ್ನು ಪ್ಯಾನೆಲ್‌ನ ನಡುಭಾಗದ ಕೆಳಗೆ ಮಣ್ಣಿಗೇ ಚುಚ್ಚಿದಳು, ಊರಲ್ಲಿ ಎಲ್ಲರೂ ಚುಚ್ಚುವ ಹಾಗೆ. ಪಿಎಚ್‌ಡಿ ಮಾಡಿದ ಕೈಗೆ ಆ ಗಳಿಗೆಯಲ್ಲಿ ಅದು ಬರೀ ಮಣ್ಣು.

ಹೊಗೆ ಎದ್ದದ್ದು ಮಾತ್ರ ಅಲ್ಲಿಂದ ಇಪ್ಪತ್ತು ಅಡಿ ಆಚೆ, ಕೇಬಲ್ ಹೂತ ಜಾಗದಲ್ಲಿ. ಹೂತವನು ಮಂಗಳೂರಿನ ಎಲೆಕ್ಟ್ರಿಷಿಯನ್ ಕಾನ್ರಾಡ್. ಅವನಿಗೆ ಸ್ವಂತ ಲೈಸೆನ್ಸ್ ಸಿಕ್ಕಿ ಆರು ತಿಂಗಳಾಗಿತ್ತು.

"ಕೇಬಲ್ ಜಾಯಿಂಟ್ ಕಾದು ಹತ್ತಿಕೊಂಡಿರಬೇಕು," ಎಂದಳು ಅಗ್ನಿಶಾಮಕ ದಳದ ಕ್ಯಾಪ್ಟನ್. "ವರದಿಯಲ್ಲಿ ಹಾಗೆ ಬರೆದರೆ ಇವನ ಲೈಸೆನ್ಸ್ ಹೋಗುತ್ತೆ. ಇಲ್ಲಿ ಬೇರೆ ಯಾರಾದರೂ ಬೆಂಕಿ ಹಚ್ಚಿದ್ದರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಗತಿ ನೇತ್ರಾಳದು. "ನೋ," ಎಂದಳು.

ಪೂಜೆಯೊಂದೇ ಆಗಿದ್ದರೆ ಹೇಳಿಬಿಡುತ್ತಿದ್ದಳೇನೋ. ಆದರೆ ತೇವದ ಮಣ್ಣಿಗೆ ಊದಿನಕಡ್ಡಿಯಿಂದ ಬೆಂಕಿ ಹತ್ತುವುದಿಲ್ಲ. ಹತ್ತಿದೆ ಎಂದರೆ ಪ್ಯಾನೆಲ್‌ನ ಕೆಳಗೇ ಮಣ್ಣು ಒಣಗಿತ್ತು. ಮಳೆನೀರು ಪ್ಯಾನೆಲ್‌ನ ಅಂಚಿಗೆ ಜಾರಿ ಬೀಳುತ್ತದೆ, ನಡುಭಾಗದ ಕೆಳಗೆ ಒಂದು ಹನಿಯೂ ಇಳಿಯುವುದಿಲ್ಲ. ಅವಳು ತೇವ ಅಳೆಯುವ ಮೀಟರುಗಳನ್ನು ನೆಟ್ಟದ್ದೆಲ್ಲ ಅಂಚಿನಲ್ಲಿ. ನಿಜ ಹೇಳಿದರೆ ಮೂರು ವರ್ಷದ ವಾದವೂ ಸುಟ್ಟಂತೆಯೇ.

ಕಾನ್ರಾಡ್ ಮೊಣಕಾಲೂರಿ, ಬಿಸಿ ಮಣ್ಣು ಕೆದರಿ, ಒಂದೊಂದೇ ಜಾಯಿಂಟ್ ಎತ್ತಿ ನೋಡುತ್ತಿದ್ದ. "ಮೂರು ಸಲ ಚೆಕ್ ಮಾಡಿದ್ದೇನೆ ಮಾರಾಯ್ರೆ. ಮೇಡಂ, ನೀವಾದ್ರೂ ಹೇಳಿ ಇವರಿಗೆ. ನೀವೇ ನಿಂತು ನೋಡಿದ್ದೀರಲ್ಲ?"

ನೇತ್ರಾ ಫೋನ್ ನೋಡುವವಳಂತೆ ತಲೆ ತಗ್ಗಿಸಿದಳು. ಬಿಸಿಗಾಳಿ ಜೋರಾಯಿತು. ಬೇಲಿಯ ಹತ್ತಿರ ಇನ್ನೊಂದು ಕಡೆ ಹೊಗೆ ಕಾಣಿಸಿಕೊಂಡಿತು. ಎರಡು ಗಂಟೆ ಅಗೆದು ಸೋತ ಕ್ಯಾಪ್ಟನ್ ಕೊನೆಗೆ ವರದಿಯ ಪುಸ್ತಕ ತೆರೆದು ಕೈ ಚಾಚಿದಳು. ಕಾನ್ರಾಡ್ ತನ್ನ ಲೈಸೆನ್ಸ್ ಕಾರ್ಡ್ ಕೊಟ್ಟ.

"ಬರೀಬೇಡಿ," ಎಂದಳು ನೇತ್ರಾ. "ಹಚ್ಚಿದ್ದು ನಾನು."

ಅವಳು ತೋರಿಸಿದ ಕಡೆ ಸಲಿಕೆ ಒಂದಡಿ ಇಳಿಯುತ್ತಲೇ ಕೆಂಡ ಕಂಡಿತು. ಅಲ್ಲಿಂದ ಉರಿ ಸಾಗಿದ ದಾರಿ ಹಿಡಿದು ನೀರು ಬಿಟ್ಟರು. "ಇಲ್ಲಿ ಇಷ್ಟು ಒಣಗಿದೆಯಲ್ಲ?" ಎಂದು ಕ್ಯಾಪ್ಟನ್ ಕೇಳಿದಳು.

"ನನ್ನ ವಾದವೇ ತಪ್ಪಿತ್ತು. ಅದನ್ನೂ ಬರೆಯಿರಿ."

ಹೊಗೆ ಇಳಿದ ಮೇಲೆ ನೇತ್ರಾ ಕಾನ್ರಾಡ್‌ನ ಹತ್ತಿರ ಹೋದಳು. "ತಪ್ಪಾತ್ರಿ. ನನಗ ಅಂಜಿಕಿ ಆಗಿತ್ತು."

ಅವನು ವಾಪಸ್ ಸಿಕ್ಕಿದ ಕಾರ್ಡಿನ ಮೇಲಿನ ಮಸಿ ಒರೆಸುತ್ತಿದ್ದ. "ಕಡ್ಡಿ ಹಚ್ಚಿದ್ದು ಬಿಡಿ ಮೇಡಂ. ಅಮ್ಮ ಹೇಳಿದ್ರೆ ನಾನೂ ಕ್ಯಾಂಡಲ್ ಇಡ್ತಿದ್ದೆ." ಕಾರ್ಡನ್ನು ಜೇಬಿಗೆ ಹಾಕಿಕೊಂಡ. "ಆದ್ರೆ ಎರಡು ಗಂಟೆ ನಿಮ್ಮ ಎದುರೇ ಮಣ್ಣು ಕೆದಕಿದೆನಲ್ಲ, ನನ್ನ ಕೆಲಸವೇ ಸರಿ ಇಲ್ಲ ಅಂತ ನಾನೇ ನಂಬಿಬಿಟ್ಟಿದ್ದೆ."