ಜವರಮ್ಮ ಒಪ್ಪಿದ ಯಂತ್ರ

ಗೋಣಿಬೀಡಿನ ರುದ್ರಾಣಿಯ ಹಲಸಿನ ಹಪ್ಪಳಕ್ಕೆ ಹೆಸರಿತ್ತು. ಬೇಯಿಸಿದ ತೊಳೆಯನ್ನು ಒನಕೆಯಲ್ಲಿ ಕುಟ್ಟಿ, ಉಂಡೆ ಕಟ್ಟಿ, ಒಂದೊಂದನ್ನೂ ಮಣೆಯಲ್ಲಿ ಒತ್ತಿ ಒಣಗಿಸುವ ಕೆಲಸಕ್ಕೆ ಆರು ಹೆಂಗಸರಿದ್ದರು. ಅವರಲ್ಲಿ ಹಿರಿಯಳು ಜವರಮ್ಮ. ಇಪ್ಪತ್ತು ವರ್ಷದಿಂದ ಒನಕೆ ಅವಳದೇ ಕೈಯಲ್ಲಿತ್ತು.

ಕುಟ್ಟಿ, ಒತ್ತಿ, ಕತ್ತರಿಸಿಯೂ ಕೊಡುವ ಯಂತ್ರವೊಂದು ಚಿಕ್ಕಮಗಳೂರಿಗೆ ಬಂದಿದೆಯೆಂದು ಮೈದುನ ಶಶಿಧರ್ ಹೇಳಿದಂದಿನಿಂದ ರುದ್ರಾಣಿಗೆ ಸಮಾಧಾನವಿರಲಿಲ್ಲ. ಬೇಡಿಕೆ ಪೂರೈಸಲಾಗುತ್ತಿರಲಿಲ್ಲ, ನಿಜ. ಆದರೆ ಜವರಮ್ಮನಿಗೆ ಯಾವ ಮುಖದಲ್ಲಿ ಹೇಳುವುದು? ಕೊನೆಗೊಂದು ಉಪಾಯ ಹೊಳೆಯಿತು. ಅವಳನ್ನೇ ಕರೆದುಕೊಂಡು ಹೋದರೆ, ನೋಡಿದವಳೇ ಬೇಡವೆನ್ನುತ್ತಾಳೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಜವರಮ್ಮ ಬೆಂದ ತೊಳೆಯನ್ನು ಡಬ್ಬಿಯಲ್ಲಿ ತುಂಬಿಕೊಂಡೇ ಬಸ್ಸು ಹತ್ತಿದಳು. ಅಂಗಡಿಯವನು ಅದನ್ನು ಯಂತ್ರಕ್ಕೆ ಸುರಿದ. ಅರೆಗಳಿಗೆಯಲ್ಲಿ ನಾರು ಸಿಕ್ಕಿಕೊಂಡು ಯಂತ್ರ ಗಕ್ಕನೆ ನಿಂತಿತು. ರುದ್ರಾಣಿಗೆ ಒಳಗೊಳಗೇ ಹಗುರವಾಯಿತು.

"ನೋಡಿದ್ರಾ ಜವರಮ್ಮ, ನಾ ಹೇಳ್ಲಿಲ್ವಾ, ಆಗಲ್ಲ ಇದು."

"ತಡೀರಮ್ಮ," ಎಂದಳು ಜವರಮ್ಮ. ಉಳಿದ ತೊಳೆಯನ್ನು ಮುಂದಿಟ್ಟುಕೊಂಡು ಕೂತು ನಾರು ಬಿಡಿಸಿದಳು. "ಅಣ್ಣಾ, ಈಗ ಹಾಕಿ. ನಿಧಾನ ಮಾಡಿ."

ಈ ಸಲ ಹಿಟ್ಟು ಬೆಣ್ಣೆಯಂತೆ ಇಳಿಯಿತು. ಚಿಟಿಕೆ ಬಾಯಿಗಿಟ್ಟು ಕಣ್ಣು ಮುಚ್ಚಿದ ಜವರಮ್ಮ, ಕಣ್ಣು ತೆರೆದು ಹೇಳಿದಳು:

"ತಗೊಳ್ಳಿ ಅಮ್ಮ. ಇಷ್ಟು ದಿನ ಯಾಕೆ ಸುಮ್ನಿದ್ರಿ?"

"ನಿಮ್ಗೆ ಬೇಜಾರಾಗುತ್ತೆ ಅಂತ..."

"ನಂಗಾ? ಬಲಗೈ ಎತ್ತಿ ತಲೆ ಬಾಚ್ಕೊಂಡು ಮೂರು ವರ್ಷ ಆಯ್ತು. ಸೊಸೆ ಬಾಚ್ತಾಳೆ."

ರುದ್ರಾಣಿ ಅವಳ ಬಲಭುಜವನ್ನು ನೋಡಿದಳು. ದಿನಾ ಕಣ್ಣೆದುರಿಗಿದ್ದ ಆ ಭುಜವನ್ನು ತಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಸಂಕೋಚದಿಂದಲೇ ಕೇಳಿದಳು, "ಉಳಿದವ್ರು?"

"ನಾರು ಬಿಡ್ಸೋಕೆ, ಒಣಗ್ಸೋಕೆ ಯಂತ್ರಕ್ಕೆ ಬರುತ್ತಾ? ಎಲ್ರೂ ಬೇಕು. ಗುಂಡಿ ಒತ್ತೋದು ಮಾತ್ರ ನಾನೇ."

ಯಂತ್ರ ಬಂತು. ಆರು ಜನರೂ ಉಳಿದರು. ಮೊದಲ ದಿನದ ಹಿಟ್ಟಿಗೆ ಖಾರ ಸಾಲದೆಂದು ಜವರಮ್ಮ ಅಷ್ಟನ್ನೂ ಮತ್ತೆ ಕಲಸಿಸಿದಳು. "ಕೈಯಲ್ಲೇ ಒತ್ತಿದ್ದು" ಎಂಬ ಮಾತಿದ್ದ, ಪೊಟ್ಟಣಕ್ಕೆ ಅಂಟಿಸುವ ಹಳೆಯ ಚೀಟಿಗಳನ್ನು ರುದ್ರಾಣಿ ಒಲೆಗೆ ಹಾಕಿದಳು. ಹೊಸದರಲ್ಲಿ ಏನು ಬರೆಸುವುದೆಂದು ಹೆಂಗಸರೆಲ್ಲ ವಾರವಿಡೀ ಜಗಳವಾಡಿ, ಕಡೆಗೆ "ಗೋಣಿಬೀಡಿನ ಹಲಸಿನ ಹಪ್ಪಳ" ಅಷ್ಟೇ ಸಾಕೆಂದರು.

ಮೊದಲೆಲ್ಲ ಹಿಟ್ಟು ಆರೀತೆಂದು ಊಟ ನಾಲ್ಕು ಗಂಟೆಗೆ ಜಾರುತ್ತಿತ್ತು. ಈಗ ಒಂದೂವರೆಗೇ ಎಲ್ಲರೂ ಅಂಗಳದಲ್ಲಿ ಬುತ್ತಿ ಬಿಚ್ಚುತ್ತಾರೆ. ಮೊನ್ನೆ ರುದ್ರಾಣಿಯೂ ತಟ್ಟೆ ಹಿಡಿದು ಅಲ್ಲಿಗೇ ಬಂದಳು. ಜವರಮ್ಮ ಸರಿದು ಜಾಗ ಕೊಟ್ಟು, ತನ್ನ ಬುತ್ತಿಯ ಕಳಲೆ ಪಲ್ಯವನ್ನು ಬಡಿಸಿದಳು.