ಕಣ್ಣು ಬಿಡಿ, ಪರಮಶಿವಯ್ಯ

"ಏನೇ ಹುಡ್ಗೀ, ನಮ್ ಯಜಮಾನ್ರುನ್ನ ಹೆಸರಿಡ್ದು ಕೂಗ್ತೀಯಲ್ಲ, ಅವ್ರೇನು ನಿಮ್ಮಪ್ಪನ ಮನೇಲಿ ಜೀತಕ್ಕವ್ರಾ?"

ಶಿವರುದ್ರಮ್ಮನ ಮಾತು ಐಸಿಯುವಿನ ಗಾಜಿನ ಬಾಗಿಲು ದಾಟಿ ಹೊರಗಿನ ಬೆಂಚಿನವರೆಗೂ ಹೋಯಿತು. ನರ್ಸ್ ಭಾನುಪ್ರಿಯಾ ತಿರುಗಿ ನೋಡಲಿಲ್ಲ. ಮಂಚದ ಮೇಲಿದ್ದವನ ಕಿವಿಯ ಹತ್ತಿರ ಬಾಗಿ ಇನ್ನೊಮ್ಮೆ ಕೂಗಿದಳು.

"ಪರಮಶಿವಯ್ಯ. ಕಣ್ಣು ಬಿಡಿ."

ಬಿಡಲಿಲ್ಲ. ಕೂಗಿಗೆ ಏಳದವರನ್ನು ನೋವಿನಿಂದ ಎಬ್ಬಿಸಬೇಕು, ಅದು ಆ ಕೋಣೆಯ ಕ್ರಮ. ಅವಳು ಮುಷ್ಟಿ ಕಟ್ಟಿ, ಬೆರಳ ಗೆಣ್ಣುಗಳನ್ನು ಅವನ ಎದೆಮೂಳೆಯ ಮೇಲೆ ಊರಿ ಉಜ್ಜಿದಳು. ಮರ ತಬ್ಬಿ ಗೊತ್ತಿಲ್ಲದ ಎದೆ. ಎಳನೀರಿನ ಗಂಜಿಯಷ್ಟು ಮೆತ್ತಗಿತ್ತು. ಪರಮಶಿವಯ್ಯ ಮುಲುಗಿದ, ಅರೆಗಣ್ಣು ತೆರೆದು ಅವಳ ಕೈ ತಳ್ಳಲು ನೋಡಿದ. ಈ ಹುಡುಗಿ ಎದೆ ಗುದ್ದುತ್ತಾಳೆಂದು ಶಿವರುದ್ರಮ್ಮ ಮಗನನ್ನು ಕೂಗಿಕೊಂಡಳು. ಭಾನುಪ್ರಿಯಾ ಟಾರ್ಚು ಹಿಡಿದು ಕಣ್ಣಿನ ಪಾಪೆ ನೋಡಿ, ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ತೆಗೆದು, ತನ್ನ ಪಾಡಿಗೆ ತಾನು ಕೆಲಸ ಮುಗಿಸಿದಳು.

ಹಿಂದಿನ ದಿನ ಕಾರ್ತಿಕ ಸೋಮವಾರ. ಹೊನ್ನವಳ್ಳಿ ಕಡೆ ಕಣ್ಣು ಹಾಯುವವರೆಗೂ ತೆಂಗಿನ ತೋಟವಿದ್ದ ಪರಮಶಿವಯ್ಯ, ದೀಪ ಹಚ್ಚುವ ತನಕ ತೊಟ್ಟು ನೀರೂ ಮುಟ್ಟದ ಉಪವಾಸದಲ್ಲಿದ್ದ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಬಿಟ್ಟಿರಲಿಲ್ಲ. ಮಾತ್ರೆ ನುಂಗಿದರೆ ವ್ರತ ಕೆಡುವುದಿಲ್ಲವೆಂದು ಯಾರೋ ಹೇಳಿದ್ದರಂತೆ. ಹೊಟ್ಟೆಯಲ್ಲಿ ಅನ್ನವಿಲ್ಲದಿದ್ದರೆ ಮಾತ್ರೆ ಸುಮ್ಮನಿರುತ್ತದೆಯೇ? ರಕ್ತದಲ್ಲಿದ್ದ ಸಕ್ಕರೆಯನ್ನೆಲ್ಲ ಬಳಿದು ಹಾಕಿತು. ಕೊಬ್ಬರಿ ಅಟ್ಟದ ಕೆಳಗೆ ನಿಂತು ಆಳುಗಳನ್ನು ಬಯ್ಯುತ್ತಿದ್ದವನು ಬೈಗುಳವನ್ನು ಅರ್ಧಕ್ಕೇ ಬಿಟ್ಟು, ಸೆಟೆದುಕೊಂಡು, ಕಲ್ಲುಕಟ್ಟೆಗೆ ತಲೆ ಬಡಿದು ಬಿದ್ದ. ಮೂರ್ಛೆರೋಗವೆಂದುಕೊಂಡು ಮನೆಯವರು ಬೀಗದ ಕೈಗಳ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದರು. ತಿಪಟೂರಿನ ಈ ನರ್ಸಿಂಗ್ ಹೋಮಿಗೆ ಬಂದಾಗಲೂ ಅಟ್ಟದ ಬೀಗದ ಕೈ, ಗೋಡೌನಿನ ಬೀಗದ ಕೈ ಎಲ್ಲ ಅವನ ಹಿಡಿಯಲ್ಲೇ ಇದ್ದವು. ಸೂಜಿ ಹಾಕಲು ನರ ಸಿಗಬೇಕಾದರೆ ಭಾನುಪ್ರಿಯಾ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಆಗಲೇ ಮುಖ ನೋಡಿದ್ದು. ಆಗಲೇ ಗುರುತು ಹತ್ತಿದ್ದು.

ಡಾಕ್ಟರ್ ಮೋಹನ್ ಕುಮಾರ್ ಅವಳಿಗೆ ಎರಡು ಮಾತು ಹೇಳಿ ಹೋಗಿದ್ದರು. ಮಾತ್ರೆಯ ಕಾವು ಇನ್ನೂ ಮೈಯಲ್ಲಿದೆ, ಸಕ್ಕರೆ ಮತ್ತೆ ಮತ್ತೆ ಇಳಿಯುತ್ತದೆ; ಇಳಿದಾಗ ಏನೇನೋ ಬಡಬಡಿಸಬಹುದು, ತಕ್ಷಣ ನರಕ್ಕೆ ಡೆಕ್ಸ್ಟ್ರೋಸ್, ಅಂದರೆ ಸಕ್ಕರೆನೀರು, ಕೊಡಬೇಕು. ಇನ್ನು, ಏಟಿಗೆ ತಲೆಯೊಳಗೆ ಸ್ವಲ್ಪ ರಕ್ತ ಒಸರಿದೆ; ಗಂಟೆಗೊಮ್ಮೆ ಹೆಸರು ಕೂಗಬೇಕು, ಪ್ರಶ್ನೆ ಕೇಳಬೇಕು. ಸಕ್ಕರೆ ಸರಿಯಿದ್ದೂ ಕಣ್ಣು ಬಿಡಲಿಲ್ಲವೆಂದರೆ ರಕ್ತ ಹೆಚ್ಚಿದೆಯೆಂದೇ ತಿಳಿಯಬೇಕು. ಬೆಂಗಳೂರಿಗೆ ಸಾಗಿಸಿ ಬುರುಡೆ ತೆರೆಸುವುದೊಂದೇ ದಾರಿ.

ಶಿವರುದ್ರಮ್ಮ ಗಂಡನ ಹಣೆಗೆ ವಿಭೂತಿ ಬಳಿಯುತ್ತ ಅವಳನ್ನು ಮೇಲಿಂದ ಕೆಳಗೆ ಅಳೆದಳು. ಮುಟ್ಟಿಸಿಕೊಳ್ಳುವ ಮೊದಲು ಕೇಳಬೇಕಾದ್ದನ್ನು ಮುಟ್ಟಿಸಿಕೊಂಡ ಮೇಲೆ ಕೇಳುವ ಸಂಕಟ ಅವಳ ದನಿಯಲ್ಲಿತ್ತು.

"ಯಾವೂರೇ ನಿಂದು? ಯಾರ ಪೈಕಿ?"

"ನರ್ಸ್ ಪೈಕಿ ಕಣ್ರಮ್ಮ."

ನೆಲ ಒರೆಸುತ್ತಿದ್ದ ಆಯಾ ವಿಮಲಮ್ಮ ಮಾಸ್ಕಿನೊಳಗೇ ಕಿಸಕ್ಕೆಂದಳು. ಆ ನಗುವಿಗೆ ಭಾನುಪ್ರಿಯಾ ತೆರಬೇಕಾದ್ದು ಬೇಗನೇ ಬಂತು.

ತಾಯಿಯ ದೂರು ಹೊತ್ತು ಬಂದ ಮಗ ಮಹಾಂತೇಶ ಡಾಕ್ಟರ ರೂಮಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಭಾನುಪ್ರಿಯಾ ಮಾಸ್ಕಿನಲ್ಲೇ ನಿಂತಿದ್ದಳು. ಹೆಸರು ಕೂಗುವುದು ತಪ್ಪಲ್ಲ ಎಂದು ಡಾಕ್ಟರಿಗೂ ಗೊತ್ತಿತ್ತು. ಆದರೂ ದೊಡ್ಡ ಮನುಷ್ಯರು, ಯಜಮಾನ್ರೇ ಅಂದರೆ ಬಾಯೇನು ಸವೆಯುತ್ತದೆ, ತಪ್ಪಾಯ್ತು ಅಂದುಬಿಡು, ಮುಗಿದುಹೋಗಲಿ ಎಂದರು.

"ಇಂಥವ್ಕೆಲ್ಲಾ ಓದ್ಸಿ ಬಿಳೀ ಬಟ್ಟೆ ಹಾಕ್ಸಿದ್ರೆ ಹಿಂಗೇ ಕಣ್ರೀ ಡಾಕ್ಟ್ರೇ. ತಲೆ ಮೇಲೆ ಕುಂತ್ಕತವೆ," ಅಂದ ಮಹಾಂತೇಶ.

ಅವಳು ತಪ್ಪಾಯ್ತು ಅಂದಳು. ಅವನು ಕೇಳಿಸಲಿಲ್ಲ ಅಂದ. ಅವಳು ಇನ್ನೊಮ್ಮೆ ಅಂದಳು. ಮೊದಲನೆಯದು ಬಾಯಿಂದ ಬಂದಿತ್ತು. ಎರಡನೆಯದನ್ನು ಕರುಳಿನಿಂದ ಕಿತ್ತು ತರಬೇಕಾಯಿತು.

ಅವಳಪ್ಪ ಗಂಗಹನುಮಯ್ಯ. ವೋಟರ್ ಲಿಸ್ಟಿನಲ್ಲಿ ಹಾಗೆ. ಪರಮಶಿವಯ್ಯನ ತೋಟದಲ್ಲಿ ಲೇ ಹನುಮ, ಸಿಟ್ಟು ಬಂದಾಗ ಲೇ ಬೋಳಿಮಗನೇ. ಕಾಯಿ ಕೀಳುವವನು. ಮರದಿಂದ ಮರಕ್ಕೆ ಮೋಡ ಹಾಯುವ ಹಾಗೆ ಹಾಯುತ್ತಾನೆ ಎಂದು ಕೇರಿಯವರು ಹೇಳುತ್ತಿದ್ದರು. ತೊಗಟೆ ಉಜ್ಜಿ ಉಜ್ಜಿ ಅವನ ಎದೆಯ ಮೇಲೆ ಎಮ್ಮೆಯ ಚರ್ಮದಂಥ ಜಡ್ಡು ಕಟ್ಟಿತ್ತು. ಚಿಕ್ಕವಳಿದ್ದಾಗ ಭಾನುಪ್ರಿಯಾ ಆ ಜಡ್ಡಿನ ಮೇಲೆ ಕೆನ್ನೆಯಿಟ್ಟು ಅಜ್ಜಿಯ ಕಥೆ ಕೇಳುತ್ತ ನಿದ್ದೆ ಹೋಗುತ್ತಿದ್ದಳು.

ಅವಳು ಪಿಯುಸಿಯಲ್ಲಿದ್ದಾಗ ಒಂದು ದಿನ ಅಪ್ಪ ಮನೆಗೆ ಬರಲಿಲ್ಲ. ಅವ್ವ ಚಿಕ್ಕಗಂಗಮ್ಮ ತೋಟದ ಮನೆಯ ಬಾಗಿಲಿಗೆ ಹೋಗಿ ಕೇಳಿದರೆ, ಪರಮಶಿವಯ್ಯ ಜಗುಲಿಯ ಮೇಲಿಂದಲೇ ಎಲೆಯಡಿಕೆ ಉಗಿದು, ಕೂಲಿ ಈಸಿಕೊಂಡು ಹೆಂಡದಂಗಡಿ ಕಡೆ ಹೋದ, ಯಾವಳ ಮನೆಯಲ್ಲಿ ಬಿದ್ದವ್ನೋ ಹೋಗಿ ನೋಡು ಅಂದ. ಅವ್ವ ನೋಡಿದಳು, ಅಂಗಡಿ ಅಂಗಡಿ, ಊರು ಊರು. ಕೊನೆಗೆ ಗುರುತು ಸಿಕ್ಕಿದ್ದು ಪೊಲೀಸ್ ಠಾಣೆಯ ಗೋಡೆಗೆ ಅಂಟಿಸಿದ ಅನಾಮಧೇಯ ಶವದ ಫೋಟೋದಲ್ಲಿ. ಮುಖ ಬಾತಿತ್ತು, ಎದೆಯ ಜಡ್ಡು ಹಾಗೇ ಇತ್ತು. ಆ ಹೊತ್ತಿಗೆ ಮಣ್ಣು ಮಾಡಿಯೂ ಆಗಿತ್ತು, ಎಲ್ಲಿ ಎಂದು ತೋರಿಸುವವರಿರಲಿಲ್ಲ. ಅವನು ಬಿದ್ದದ್ದು ಪರಮಶಿವಯ್ಯನ ಮರದಿಂದ, ಕೇಸಾದೀತೆಂದು ದೂರದ ಆಸ್ಪತ್ರೆಯ ಬಾಗಿಲಲ್ಲಿ ಹಾಕಿ, ಯಾರೋ ಗೊತ್ತಿಲ್ಲ, ರಸ್ತೆ ಬದಿ ಬಿದ್ದಿದ್ದ ಎಂದು ಹೇಳಿ ಬಂದರು ಅಂತ ಟ್ರ್ಯಾಕ್ಟರ್ ಓಡಿಸಿದವನು ಒಮ್ಮೆ ಕುಡಿದು ಹೇಳಿದ. ಅಮಲಿಳಿದ ಮೇಲೆ ನಾನು ಹೇಳೇ ಇಲ್ಲ ಅಂದ.

ಹೆಸರಿಲ್ಲದೆ ಮಣ್ಣಾದವನು ದಾರಿಗಳು ಕೂಡುವಲ್ಲಿ ನಿಂತು, ಹೋಗಿಬರುವವರನ್ನೆಲ್ಲ ನಾನ್ಯಾರು ನಾನ್ಯಾರು ಎಂದು ಕೇಳುತ್ತಿರುತ್ತಾನೆ ಅಂತ ಅಜ್ಜಿ ಹೇಳುತ್ತಿದ್ದಳು. ನರ್ಸಿಂಗ್ ಓದುವಾಗ, ಪ್ರಜ್ಞೆಯ ಆಳದಲ್ಲಿ ಮುಳುಗಿದವನಿಗೆ ಎಲ್ಲಕ್ಕಿಂತ ದೂರದಿಂದ ಕೇಳಿಸುವುದು ತನ್ನ ಹೆಸರು ಎಂದು ಮೇಡಂ ಪಾಠ ಮಾಡಿದ ದಿನ ಭಾನುಪ್ರಿಯಾಗೆ ಊಟ ಸೇರಲಿಲ್ಲ. ಅಪ್ಪನನ್ನು ಆ ಆಸ್ಪತ್ರೆಯಲ್ಲಿ ಏನೆಂದು ಕೂಗಿದ್ದಾರು? ಏಯ್ ಎಂದೇ? ಏನಯ್ಯಾ ಎಂದೇ? ತನ್ನನ್ನಲ್ಲ, ಇನ್ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಅವನು ಸುಮ್ಮನಿದ್ದುಬಿಟ್ಟನೇ?

ಪರಮಶಿವಯ್ಯ ನಮ್ಮಲ್ಲಿಗೇ ಬಂದಿದ್ದಾನೆ ಎಂದು ಅವಳು ಅವ್ವನಿಗೆ ಫೋನು ಮಾಡಿದ್ದಳು. ಅವ್ವ ಹೇಳಿದಳು:

"ಸಾಯಕ್ ಬುಡ್ಬ್ಯಾಡ ಕಣವ್ವಾ. ಅವ್ನು ಸತ್ರೆ ಇನ್ಯಾರ್ನ ಕೇಳಾನ? ನಿಮ್ಮಪ್ಪನ ಹೆಸ್ರು ಅವ್ನ ಬಾಯಲ್ಲಿ ಬರ್ಬೇಕು. ನಾಕ್ ಜನದ ಮುಂದೆ ಬರ್ಬೇಕು."

ಮಧ್ಯಾಹ್ನ ನೋಡುವವರನ್ನು ಒಳಗೆ ಬಿಡುವ ಹೊತ್ತು. ಶಿವರುದ್ರಮ್ಮ, ಮಹಾಂತೇಶ, ಊರಿನಿಂದ ಬಂದ ನೆಂಟರು ಮಂಚದ ಸುತ್ತ ನಿಂತಿದ್ದರು. ಪರಮಶಿವಯ್ಯನ ಹಣೆಯಲ್ಲಿ ಇದ್ದಕ್ಕಿದ್ದಂತೆ ಬೆವರು ಸಾಲುಗಟ್ಟಿತು, ಕೈ ಅದುರತೊಡಗಿತು. ಭಾನುಪ್ರಿಯಾ ಬೆರಳು ಚುಚ್ಚಿ ನೋಡಿದಳು, ಸಕ್ಕರೆ ಮೂವತ್ತೆಂಟಕ್ಕೆ ಇಳಿದಿತ್ತು. ಡೆಕ್ಸ್ಟ್ರೋಸ್ ತುಂಬಿದ ಸಿರಿಂಜನ್ನು ಅವನ ಕೈಯ ಸೂಜಿಗೆ ಸಿಕ್ಕಿಸಿದಳು. ಅಷ್ಟರಲ್ಲಿ ಅವನು ಬಾಯಿಬಿಟ್ಟ.

"ಲೇ ಹನುಮಾ, ಗರಿ ಒಣಗೈತೆ ಅಂತ ನೆಪ ಹೇಳ್ತೀಯೇನ್ಲಾ ಸೂಳೆಮಗನೇ? ಹತ್ತು ಮ್ಯಾಕೆ."

ಅವಳ ಹೆಬ್ಬೆರಳು ಸಿರಿಂಜಿನ ಮೇಲೆ ನಿಂತುಬಿಟ್ಟಿತು. ಒತ್ತಿದರೆ ಸಕ್ಕರೆ ಏರುತ್ತದೆ, ಸಕ್ಕರೆ ಏರಿದರೆ ಬುದ್ಧಿ ಮರಳುತ್ತದೆ, ಬುದ್ಧಿ ಮರಳಿದರೆ ಬಾಯಿ ಮುಚ್ಚುತ್ತದೆ.

"ಬಿದ್ಬುಟ್ಟ ಕಣ್ಲಾ ಮಾಂತೇಸ," ಅವನು ಸೂರು ನೋಡುತ್ತ ತೊದಲಿದ. "ಟ್ರ್ಯಾಕ್ಟ್ರು ತಗಾ. ನಮ್ ತೋಟ ಅನ್ಬ್ಯಾಡ. ಯಾರೋ ಗೊತ್ತಿಲ್ಲ ಅನ್ನು."

ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿವರುದ್ರಮ್ಮ ಮುನ್ನುಗ್ಗಿ ಗಂಡನ ಬಾಯಿಯನ್ನು ಅಂಗೈಯಲ್ಲಿ ಒತ್ತಿ ಮುಚ್ಚಿದಳು. ಬೇಗ ಚುಚ್ಚೇ, ನಿಂತ್ಕೊಂಡು ನೋಡ್ತೀಯಲ್ಲೇ ಮುಂಡೇದೇ ಎಂದು ಕಿರುಚಿದಳು.

"ಬಾಯಿಂದ ಕೈ ತೆಗೀರಿ," ಅಂದಳು ಭಾನುಪ್ರಿಯಾ.

ಶಿವರುದ್ರಮ್ಮ ಸಿರಿಂಜು ನೋಡಿದಳು, ಅಲ್ಲಾಡದ ಆ ಹೆಬ್ಬೆರಳು ನೋಡಿದಳು. ಕೈ ತೆಗೆದಳು.

"ಇನ್ನೂ ಉಸ್ರಾಡ್ತಾವ್ನೆ ಕಣ್ಲಾ," ಅಂದ ಪರಮಶಿವಯ್ಯ. "ಆಡ್ಲಿ ಬುಡು. ಬಾಗ್ಲಲ್ಲಿ ಹಾಕು, ಹೋಗಾನ."

ಆಮೇಲೆ ಅವಳು ಹೆಬ್ಬೆರಳು ಒತ್ತಿದಳು. ಮೊದಲೇ ಒತ್ತಬೇಕಿತ್ತು. ಒತ್ತಿರಲಿಲ್ಲ.

ಸಕ್ಕರೆ ಇಳಿದು ಆಡಿದ ಮಾತಿಗೆ ಅರ್ಥವಿಲ್ಲ, ಯಾವ ಹನುಮನೋ ಏನೋ ಎಂದು ಮಹಾಂತೇಶ ನೆಂಟರಿಗೆಲ್ಲ ಕೇಳುವ ಹಾಗೆ ಹೇಳತೊಡಗಿದ. ಭಾನುಪ್ರಿಯಾ ಮಾಸ್ಕನ್ನು ಗಲ್ಲದ ಕೆಳಕ್ಕೆ ಎಳೆದಳು.

"ಸರಿ ಕಣ್ರೀ. ಬುದ್ಧಿ ಬರ್ಲಿ. ಬಂದ್ಮೇಲೆ ಕೇಳಾನ."

ಗಂಗಹನುಮಯ್ಯನನ್ನೇ ಅಚ್ಚೊತ್ತಿದ ಹಾಗಿದ್ದ ಆ ಮುಖ ಕಂಡು ಮಹಾಂತೇಶ ಒಂದು ಹೆಜ್ಜೆ ಹಿಂದೆ ಸರಿದ.

ಸ್ವಲ್ಪ ಹೊತ್ತಿಗೆ ಬೆವರಾರಿತು. ಪರಮಶಿವಯ್ಯನ ಕಣ್ಣು ತಿಳಿಯಾಯಿತು; ಸುತ್ತ ನೋಡಿ ನೀರು ಕೇಳಿದ. ಅವಳು ಇನ್ನೊಮ್ಮೆ ರಕ್ತ ನೋಡಿದಳು, ಸಕ್ಕರೆ ಸರಿಯಿತ್ತು. ಎಂದಿನ ಪ್ರಶ್ನೆಗಳಿಗೆ ಶುರುವಿಟ್ಟಳು. ಹೆಸರು ಕೇಳಿದಳು, ಪರಮಶಿವಯ್ಯ ಎಂದ. ಯಾವ ಊರಲ್ಲಿದ್ದೀರಿ ಎಂದರೆ ತಿಪಟೂರು ಎಂದ. ಪಕ್ಕದಲ್ಲಿರುವವರನ್ನು ಕೇಳಿದರೆ ಹೆಂಡತಿ, ಮಗ ಎಂದು ಸರಿಯಾಗಿ ತೋರಿಸಿದ. ಬುದ್ಧಿ ನೆಟ್ಟಗಿದೆ ಎನ್ನುವುದು ನಿಂತವರಿಗೆಲ್ಲ ಗೊತ್ತಾಯಿತು.

"ನಿಮ್ ತೋಟದ ಮರದಿಂದ ಬಿದ್ದೋರ ಹೆಸರೇನು?"

ಪರಮಶಿವಯ್ಯ ಅವಳನ್ನು ನೋಡಿದ. ನೋಡುತ್ತ ನೋಡುತ್ತ ಅವನ ಮುಖದ ಬಣ್ಣ ಇಳಿಯಿತು.

"ನಮ್ಮಪ್ಪ ಅವ್ರು. ಪೂರ್ತಿ ಹೆಸರು ಹೇಳಿ."

ಅವನು ಕಣ್ಣು ಮುಚ್ಚಿಕೊಂಡ.

ಅವಳು ಹೆಸರು ಹಿಡಿದು ಕೂಗಿದಳು. ಬಿಡಲಿಲ್ಲ. ಎದೆಮೂಳೆಯ ಮೇಲೆ ಗೆಣ್ಣೂರಿ ಉಜ್ಜಿದಳು. ಅವನು ಹಲ್ಲು ಕಚ್ಚಿದ, ಬಿಡಲಿಲ್ಲ. ರೆಪ್ಪೆಗಳು ಗಾಳಿಗೆ ಸಿಕ್ಕ ಗರಿಯ ಹಾಗೆ ನಡುಗುತ್ತಿದ್ದವು. ನಿಜವಾಗಿ ಮುಳುಗಿದವನ ರೆಪ್ಪೆ ನಡುಗುವುದಿಲ್ಲ. ಅವಳು ಗೋಡೆಯ ಫೋನಿನ ಸ್ಪೀಕರ್ ಒತ್ತಿ ಕೆಳಗೆ ಆಪರೇಷನ್ ಕೋಣೆಯಲ್ಲಿದ್ದ ಡಾಕ್ಟರಿಗೆ ವರದಿ ಕೊಟ್ಟಳು: ಸಕ್ಕರೆ ಸರಿಯಿದೆ ಸರ್, ಹೆಸರು ಕೂಗಿದರೆ ಕಣ್ಣು ಬಿಡುತ್ತಿಲ್ಲ, ಎದೆ ಒತ್ತಿದರೂ ಬಿಡುತ್ತಿಲ್ಲ. ಒಂದು ಮಾತೂ ಸುಳ್ಳಲ್ಲ. ರೆಪ್ಪೆಯ ವಿಷಯ ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ.

ರಕ್ತ ಹೆಚ್ಚಿದೆ, ಆಂಬುಲೆನ್ಸಿಗೆ ಹೇಳಿಸುತ್ತೇನೆ, ಇಲ್ಲಿನ ಆಪರೇಷನ್ ಬಿಟ್ಟು ನಾನು ಬರುವ ಹಾಗಿಲ್ಲ, ತಲೆ ಬೋಳಿಸಿ ಸಿದ್ಧವಿಡಿ, ಬೆಂಗಳೂರಲ್ಲಿ ನೇರ ಬುರುಡೆ ತೆರೆಯುತ್ತಾರೆ ಎಂದರು ಡಾಕ್ಟರು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು.

ಶಿವರುದ್ರಮ್ಮ ಮಂಚದ ಕಂಬಿ ಹಿಡಿದುಕೊಂಡಳು. "ಎಚ್ರ ಐತೆ ಕಣೇ ಅವ್ರಿಗೆ. ಈಗ್ತಾನೇ ಮಾತಾಡ್ಲಿಲ್ವಾ?"

"ಹಂಗಾದ್ರೆ ನೀವೇ ಎಬ್ಸಿ. ಹೆಸರಿಡ್ದು ಕೂಗಿ."

ಮದುವೆಯಾದಾಗಿನಿಂದ ಗಂಡನ ಹೆಸರೆತ್ತದ ಹೆಂಗಸು ಬಾಯಿ ತೆರೆದಳು, ಮುಚ್ಚಿದಳು. ರೀ, ಏಳ್ರೀ ಅಂದಳು, ಭುಜ ಅಲ್ಲಾಡಿಸಿದಳು. ಮಹಾಂತೇಶ ಅಪ್ಪನ ಕಿವಿಯಲ್ಲಿ ಏನೋ ಪಿಸುಗುಟ್ಟಿದ, ಆಮೇಲೆ ಬೈದ, ಆಮೇಲೆ ಅಂಗಲಾಚಿದ. ಪರಮಶಿವಯ್ಯ ಕಣ್ಣು ಬಿಗಿದುಕೊಂಡೇ ಇದ್ದ. ಬಿಟ್ಟರೆ ಎದುರಿಗೆ ಆ ಹುಡುಗಿ, ಸುತ್ತ ಆ ನೆಂಟರು.

ವಿಮಲಮ್ಮ ಬೋಗುಣಿಯಲ್ಲಿ ನೀರು, ಸೋಪು, ರೇಜರು ತಂದಿಟ್ಟಳು. ಸಾಮಾನ್ಯವಾಗಿ ಇದು ಅವಳ ಕೆಲಸ. ಭಾನುಪ್ರಿಯಾ ಅವಳ ಕೈಯಿಂದ ರೇಜರು ತೆಗೆದುಕೊಂಡಳು. ಮುತ್ತೈದೆ ನಿಂತಿರುವಾಗಲೇ ಗಂಡನ ತಲೆ ಬೋಳಿಸುತ್ತೀರಾ ಎಂದು ಶಿವರುದ್ರಮ್ಮ ಗೋಡೆಗೊರಗಿ ಕುಸಿದಳು. ಭಾನುಪ್ರಿಯಾ ನೀರು ಹಾಕಿ ಸೋಪು ಹಚ್ಚಿದಳು.

ಊರಿಗೇ ಹೆಸರಾಗಿದ್ದ ಬೆಳ್ಳಿ ಕೂದಲು ಒದ್ದೆಯಾಗಿ ನೆತ್ತಿಗೆ ಅಂಟಿಕೊಂಡಿತು. ರೇಜರು ವಿಭೂತಿಯ ಮೇಲಂಚಿನಿಂದ ಹೊರಟು ನೆತ್ತಿಯ ತನಕ ಒಂದು ಬೋಳುದಾರಿ ಮಾಡಿತು. ಮುಚ್ಚಿದ ಕಣ್ಣಿನ ಮೂಲೆಯಿಂದ ನೀರಿಳಿದು ಅವನ ಕಿವಿಯೊಳಗೆ ಹೋಯಿತು. ಕೆಳಗೆ ಆಂಬುಲೆನ್ಸು ಬಂದು ನಿಂತ ಸದ್ದಾಯಿತು.

ಅವಳು ಆ ಒದ್ದೆ ಕಿವಿಗೆ ಬಾಗಿದಳು.

"ಈಗ್ಲೂ ಹೇಳ್ಬೋದು."

ಪರಮಶಿವಯ್ಯ ರೆಪ್ಪೆಗಳನ್ನು ಇನ್ನಷ್ಟು ಬಿಗಿಹಿಡಿದ. ಭಾನುಪ್ರಿಯಾ ರೇಜರನ್ನು ನೀರಿನಲ್ಲಿ ಅದ್ದಿ ಕೂದಲು ಕೊಡವಿ, ಎರಡನೆಯ ಸಾಲಿಗೆ ಕೈ ಹಾಕಿದಳು.